ಹರ್ಬರ್ಟ್ ಬೇಯರ್ ಅವರ ಬದುಕನ್ನು ಒಂದು ಹಾಲ್‌ನಲ್ಲಿ ತೋರಿಸುವುದು ಹೇಗೆ: ಮೈಸೂರು, ಮಂಡ್ಯದ ಕಾಲೇಜುಗಳಿಗೆ ಒಂದು ಕೈಪಿಡಿ

ವರ್ಣಚಿತ್ರ ಮಾತ್ರ ಬರೆದ ಕಲಾವಿದನ ಬಗ್ಗೆ ಪ್ರದರ್ಶನ ಏರ್ಪಡಿಸುವುದು ಅಷ್ಟೇನೂ ಕಷ್ಟದ ಕೆಲಸವಲ್ಲ. ಚಿತ್ರಗಳನ್ನು ವರ್ಷದ ಕ್ರಮದಲ್ಲಿ ತೂಗುಹಾಕಿ ಪಕ್ಕದಲ್ಲಿ ನಾಲ್ಕು ಸಾಲು ಬರೆದಿಟ್ಟರೆ ಉಳಿದದ್ದನ್ನು ನೋಡುವವರೇ ಗ್ರಹಿಸಿಕೊಳ್ಳುತ್ತಾರೆ. ಆದರೆ ಒಬ್ಬರೇ ವ್ಯಕ್ತಿ ಅಕ್ಷರ ರೂಪಿಸಿ, ಬ್ಯಾಂಕಿನ ನೋಟು ವಿನ್ಯಾಸ ಮಾಡಿ, ಫೋಟೊಗಳನ್ನು ಕತ್ತರಿಸಿ ಜೋಡಿಸಿ, ಜಾಹೀರಾತು ಸಂಸ್ಥೆ ನಡೆಸಿ, ಭೂಪಟಗಳ ಪುಸ್ತಕ ತಂದು, ಕಟ್ಟಡಗಳನ್ನು ಕಟ್ಟಿಸಿ, ಕೊನೆಗೆ ಮಣ್ಣನ್ನೇ ಗುಡ್ಡೆ ಹಾಕಿ ಕಲಾಕೃತಿ ಮಾಡಿದ್ದರೆ, ಅವರ ಬದುಕನ್ನು ಜನರ ಮುಂದಿಡಲು ಹೊರಟವರಿಗೆ ಎಲ್ಲಿಂದ ಶುರು ಮಾಡಬೇಕೆಂಬುದೇ ತೋಚುವುದಿಲ್ಲ. ಆಸ್ಟ್ರಿಯಾದಲ್ಲಿ ಹುಟ್ಟಿ, ಜರ್ಮನಿಯಲ್ಲಿ ಹೆಸರು ಮಾಡಿ, ಅಮೆರಿಕದಲ್ಲಿ ನೆಲೆ ನಿಂತ ಹರ್ಬರ್ಟ್ ಬೇಯರ್ (1900–1985) ಅಂಥ ಕಲಾವಿದರು.

ಮೈಸೂರು, ಮಂಡ್ಯದ ಕಾಲೇಜುಗಳಲ್ಲಿ ಕಲೆ, ವಿನ್ಯಾಸ, ಪತ್ರಿಕೋದ್ಯಮ ಓದುತ್ತಿರುವ ವಿದ್ಯಾರ್ಥಿಗಳನ್ನೂ ಅವರ ಅಧ್ಯಾಪಕರನ್ನೂ ಮನಸ್ಸಿನಲ್ಲಿಟ್ಟುಕೊಂಡು ಈ ಬರಹವನ್ನು ಸಿದ್ಧಪಡಿಸಿದ್ದೇನೆ. ಕೈಯಲ್ಲಿರುವುದು ಒಂದು ಸಾಧಾರಣ ಹಾಲ್, ಇಪ್ಪತ್ತರ ಆಸುಪಾಸಿನ ಫಲಕಗಳಿಗೆ ಸಾಲುವಷ್ಟು ದುಡ್ಡು, ಒಂದು ಕಂಪ್ಯೂಟರು ಎಂದಿಟ್ಟುಕೊಳ್ಳೋಣ. ಮೂಲ ಕೃತಿಗಳು ನಮಗೆ ಸಿಗುವುದಿಲ್ಲ. ಅವುಗಳ ಅತಿ ದೊಡ್ಡ ಸಂಗ್ರಹ ಅಮೆರಿಕದ ಡೆನ್ವರ್ ಕಲಾ ಸಂಗ್ರಹಾಲಯದಲ್ಲಿದೆ. ಇದರಿಂದ ಎದೆಗುಂದಬೇಕಾಗಿಲ್ಲ. ತೈಲವರ್ಣದ ಕೃತಿಯೊಂದರ ಪ್ರತಿ ತೆಗೆದಾಗ ಬಣ್ಣದ ದಪ್ಪ, ಕುಂಚದ ಓಟ ಎಲ್ಲವೂ ಹೋಗಿಬಿಡುತ್ತವೆ. ಬೇಯರ್ ಅವರ ಕೆಲಸದ ಬಹುಪಾಲು ಅಚ್ಚಾಗಲೆಂದೇ, ಸಾವಿರಾರು ಪ್ರತಿಗಳಾಗಿ ಜನರ ಕೈ ಸೇರಲೆಂದೇ ಹುಟ್ಟಿದ್ದರಿಂದ, ಒಳ್ಳೆಯ ಮುದ್ರಣದಲ್ಲಿ ಅದರ ಸತ್ವ ಅಷ್ಟಾಗಿ ಕಳೆಯುವುದಿಲ್ಲ. ಇಂಥ ಕಾಲೇಜು ಪ್ರದರ್ಶನಕ್ಕೆ ನಾನು ಇವರನ್ನೇ ಸೂಚಿಸಲು ಇನ್ನೂ ಒಂದು ಕಾರಣವಿದೆ: ಪ್ರದರ್ಶನ ಕಟ್ಟುವ ವಿದ್ಯೆಯನ್ನೇ ಅವರು ತಮ್ಮ ಕಲೆಯ ಮುಖ್ಯ ಭಾಗವಾಗಿ ಬೆಳೆಸಿದರು. ಅವರ ಬಗ್ಗೆ ಪ್ರದರ್ಶನ ಮಾಡುವವರು ಮಾಡುತ್ತಲೇ ಅವರ ವಿದ್ಯೆಯನ್ನು ಕಲಿಯುತ್ತಾರೆ.

ಮೊದಲು ಪ್ರಶ್ನೆ, ಆಮೇಲೆ ಪಟ್ಟಿ

‘ಬಹುಮುಖ ಪ್ರತಿಭೆ’ ಎಂಬ ತಲೆಬರಹದಿಂದ ಶುರು ಮಾಡಬೇಡಿ. ಆ ಮಾತು ಹೊಗಳುತ್ತದೆಯೇ ಹೊರತು ಏನನ್ನೂ ವಿವರಿಸುವುದಿಲ್ಲ. ಹಾಗೆಯೇ ಒಂದು ಗೋಡೆಗೆ ಚಿತ್ರಕಲೆ, ಇನ್ನೊಂದಕ್ಕೆ ಅಕ್ಷರ ವಿನ್ಯಾಸ, ಮತ್ತೊಂದಕ್ಕೆ ವಾಸ್ತುಶಿಲ್ಪ ಎಂದು ವಿಂಗಡಿಸಿದರೆ, ನೋಡಲು ಬಂದವರಿಗೆ ಐದಾರು ಜನ ಬೇರೆ ಬೇರೆ ಕಲಾವಿದರ ಕೆಲಸ ಕಂಡಂತಾಗುತ್ತದೆ. ಈ ಎಲ್ಲ ಮಾಧ್ಯಮಗಳ ಅಡಿಯಲ್ಲಿ ಹರಿಯುತ್ತಿರುವ ಒಂದೇ ಪ್ರಶ್ನೆಯನ್ನು ಹುಡುಕಿಕೊಳ್ಳಬೇಕು, ಪ್ರತಿ ಫಲಕವೂ ಆ ಪ್ರಶ್ನೆಗೇ ಉತ್ತರ ಹೇಳುವಂತಿರಬೇಕು.

ಬೇಯರ್ ಅವರ ವಿಷಯದಲ್ಲಿ ಆ ಪ್ರಶ್ನೆ ಯಾವುದು ಎಂಬ ಬಗ್ಗೆ ನನಗೆ ಅನುಮಾನವಿಲ್ಲ: ನೋಡುವವರು ಎಲ್ಲಿ ನಿಂತಿದ್ದಾರೆ, ಅವರ ಕಣ್ಣು ಹೇಗೆ ಚಲಿಸುತ್ತದೆ? ಅಕ್ಷರವಿರಲಿ, ಭೂಪಟವಿರಲಿ, ಹುಲ್ಲಿನ ದಿಬ್ಬವಿರಲಿ, ಅವರು ವಿನ್ಯಾಸ ಮಾಡುತ್ತಿದ್ದುದು ವಸ್ತುವನ್ನಷ್ಟೇ ಅಲ್ಲ, ಆ ವಸ್ತುವಿಗೂ ಅದನ್ನು ನೋಡುವ ಮನುಷ್ಯನಿಗೂ ನಡುವಿನ ಸಂಬಂಧವನ್ನು. ನಿಮ್ಮ ತಂಡ ಬೇರೊಂದು ಪ್ರಶ್ನೆಯನ್ನು ಆರಿಸಿಕೊಂಡರೂ ಅಡ್ಡಿಯಿಲ್ಲ, ಆದರೆ ಅದು ಒಂದೇ ವಾಕ್ಯದಲ್ಲಿ ಹೇಳುವಂತಿರಲಿ. ಯಾವ ಫಲಕ ಬೇಕು, ಯಾವುದು ಬೇಡ ಎಂಬ ಚರ್ಚೆ ಎದ್ದಾಗಲೆಲ್ಲ ಆ ವಾಕ್ಯವನ್ನು ಮುಂದಿಟ್ಟುಕೊಂಡು ತೀರ್ಮಾನಿಸಿ.

ಬದುಕಿನ ವಿವರಗಳನ್ನು ಜೋಡಿಸುವುದು

ದೊಡ್ಡ ಹಾಳೆಯೊಂದರಲ್ಲಿ ನಾಲ್ಕು ಅಂಕಣ ಎಳೆಯಿರಿ: ವರ್ಷ, ಊರು, ಕೆಲಸ, ಆ ಕೆಲಸಕ್ಕೆ ದುಡ್ಡು ಕೊಟ್ಟವರು. ಕೊನೆಯ ಅಂಕಣವನ್ನು ಎಲ್ಲರೂ ಬಿಟ್ಟುಬಿಡುತ್ತಾರೆ. ವಿನ್ಯಾಸಕರ ಬದುಕಿನಲ್ಲಿ ಅದೇ ಬಹುಮುಖ್ಯ, ಏಕೆಂದರೆ ವರ್ಣಚಿತ್ರಕಾರನಂತೆ ವಿನ್ಯಾಸಕ ತನ್ನ ಪಾಡಿಗೆ ತಾನು ಕೆಲಸ ಮಾಡುವುದು ಅಪರೂಪ. ಯಾರೋ ಬಂದು ಕೇಳಿದಾಗಲೇ ಕೆಲಸ ಹುಟ್ಟುತ್ತದೆ.

ಆರಂಭದ ವರ್ಷಗಳಿಗೆ ಒಂದು ಫಲಕ ಸಾಕು. 1900ರ ಏಪ್ರಿಲ್ 5ರಂದು ಆಸ್ಟ್ರಿಯಾದ ಹಾಗ್ ಆಮ್ ಹೌಸ್ರುಕ್ ಎಂಬ ಸಣ್ಣ ಊರಿನಲ್ಲಿ ಜನನ, ಲಿಂಟ್ಸ್ ನಗರದಲ್ಲೂ ಆಮೇಲೆ ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲೂ ವಾಸ್ತುಶಿಲ್ಪಿಗಳ ಕೈಕೆಳಗೆ ಕಲಿಕೆ, 1921ರಲ್ಲಿ ವೈಮಾರ್‌ನ ಬೌಹೌಸ್ ಶಾಲೆಗೆ ಪ್ರವೇಶ. ವಾಸ್ತುಶಿಲ್ಪಿ ವಾಲ್ಟರ್ ಗ್ರೋಪಿಯಸ್ 1919ರಲ್ಲಿ ಸ್ಥಾಪಿಸಿದ ಆ ಶಾಲೆಯಲ್ಲಿ ಕಲೆ ಮತ್ತು ಕಸುಬು ಬೇರೆಬೇರೆಯಾಗಿರಲಿಲ್ಲ. ವಿದ್ಯಾರ್ಥಿಗಳು ಮರ, ಲೋಹ, ನೇಯ್ಗೆ, ಗೋಡೆಚಿತ್ರದ ಕಾರ್ಯಾಗಾರಗಳಲ್ಲಿ ಕೆಲಸ ಕಲಿಯುತ್ತಿದ್ದರು. ಬೇಯರ್ ಗೋಡೆಚಿತ್ರದ ಕಾರ್ಯಾಗಾರದಲ್ಲಿ ರಷ್ಯಾ ಮೂಲದ ವರ್ಣಚಿತ್ರಕಾರ ವಾಸಿಲಿ ಕಾಂಡಿನ್ಸ್ಕಿ ಅವರ ಶಿಷ್ಯರಾದರು. ಇದನ್ನು ಮೈಸೂರಿನ ಓದುಗರಿಗೆ ಹೇಳುವಾಗ ನಮ್ಮಲ್ಲೇ ಒಂದು ಆಧಾರವಿದೆ. 1906ರಲ್ಲಿ ಶಂಕುಸ್ಥಾಪನೆಯಾದ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆ ಕುಶಲಕರ್ಮದ ತರಬೇತಿಗೆಂದೇ ಹುಟ್ಟಿದ್ದು, ಇಂದಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿಯ ಬೇರು ಅಲ್ಲಿಯೇ ಇದೆ. ಸಯ್ಯಾಜಿರಾವ್ ರಸ್ತೆಯ ಆ ಹಳೆಯ ಕಟ್ಟಡವನ್ನು ದಿನವೂ ನೋಡುವವರಿಗೆ ಬೌಹೌಸ್ ತೀರಾ ಪರಕೀಯ ಕಲ್ಪನೆಯಾಗಿ ತೋರುವುದಿಲ್ಲ. ಎರಡೂ ಸಂಸ್ಥೆಗಳ ಉದ್ದೇಶ ಒಂದೇ ಎಂದು ಮಾತ್ರ ಬರೆಯಬೇಡಿ: ಒಂದು ಪರಂಪರೆಯ ಕುಸುರಿಯನ್ನು ಉಳಿಸಿ ಬೆಳೆಸಲು ಹೊರಟಿತ್ತು, ಇನ್ನೊಂದು ಕಾರ್ಖಾನೆಯ ಯುಗಕ್ಕೆ ಹೊಸ ರೂಪಗಳನ್ನು ಹುಡುಕುತ್ತಿತ್ತು.

ನಿಧಾನವಾಗಿ ಹೇಳಬೇಕಾದ ಮೊದಲ ಘಟ್ಟ 1923. ಜರ್ಮನಿಯಲ್ಲಿ ಆಗ ಹಣದುಬ್ಬರ ಹದ್ದುಮೀರಿತ್ತು, ಇದ್ದ ನೋಟುಗಳು ದಿನ ಬೆಳಗಾಗುವುದರೊಳಗೆ ಬೆಲೆ ಕಳೆದುಕೊಳ್ಳುತ್ತಿದ್ದವು. ಥುರಿಂಜಿಯಾ ರಾಜ್ಯದ ಬ್ಯಾಂಕಿಗೆ ತುರ್ತು ನೋಟುಗಳು ಬೇಕಾದಾಗ ಅವುಗಳ ವಿನ್ಯಾಸ ಇನ್ನೂ ವಿದ್ಯಾರ್ಥಿಯಾಗಿದ್ದ ಬೇಯರ್ ಅವರ ಪಾಲಿಗೆ ಬಂತು. ಈ ಹತ್ತು ಲಕ್ಷ, ಇಪ್ಪತ್ತು ಲಕ್ಷ ಮಾರ್ಕಿನ ನೋಟುಗಳ ದೊಡ್ಡ ಪ್ರತಿಯೊಂದನ್ನು ಮುದ್ರಿಸಿ, ಪಕ್ಕದಲ್ಲಿ ನಮ್ಮ ನೂರು ರೂಪಾಯಿ ನೋಟೊಂದನ್ನು ಗಾಜಿನಡಿ ಇಡಿ. ಮುಖಚಿತ್ರ, ಬಳ್ಳಿ, ಕುಸುರಿ ಅಂಚು, ಸೂಕ್ಷ್ಮ ಗೆರೆಗಳ ಜಾಲ ಇವೆಲ್ಲ ನಮ್ಮ ನೋಟಿನಲ್ಲಿವೆ. ಬೇಯರ್ ಅವರ ನೋಟಿನಲ್ಲಿ ಇರುವುದು ದೊಡ್ಡ ಅಂಕಿ, ದಪ್ಪ ಅಕ್ಷರ, ಅಡ್ಡಪಟ್ಟಿ ಅಷ್ಟೇ. ಅವಸರದಲ್ಲಿ ಎಣಿಸುವ ಕಣ್ಣಿಗೆ ಮೊದಲು ಏನು ಕಾಣಬೇಕೋ ಅದು ಮಾತ್ರ ಉಳಿದಿದೆ. ನಿಮ್ಮ ಪ್ರದರ್ಶನದ ಪ್ರಶ್ನೆ ಇಲ್ಲಿಯೇ ಮೊದಲ ಸಲ ಸ್ಪಷ್ಟವಾಗಿ ಎದುರಾಗುತ್ತದೆ.

ಅಲ್ಲಿಂದ ಮುಂದೆ ಇಟಲಿಯ ಪ್ರವಾಸ, 1925ರಲ್ಲಿ ಬೌಹೌಸ್ ಡೆಸ್ಸೌ ನಗರಕ್ಕೆ ಸ್ಥಳಾಂತರಗೊಂಡಾಗ ಮುದ್ರಣ ಮತ್ತು ಜಾಹೀರಾತು ಕಾರ್ಯಾಗಾರದ ಹೊಣೆ, 1928ರಲ್ಲಿ ಶಾಲೆ ಬಿಟ್ಟು ಬರ್ಲಿನ್‌ಗೆ ಹೋಗಿ ಡಾರ್‌ಲ್ಯಾಂಡ್ ಜಾಹೀರಾತು ಸಂಸ್ಥೆಯಲ್ಲಿ ಕೆಲಸ, ಇವುಗಳನ್ನು ಚುಟುಕಾಗಿ ಹೇಳಿ ಮುಗಿಸಬಹುದು. ಅವರ ಮೊದಲ ಪತ್ನಿ ಐರೀನ್ ಬೇಯರ್ ಸ್ವತಃ ಒಳ್ಳೆಯ ಛಾಯಾಗ್ರಾಹಕಿ. ಬೌಹೌಸ್‌ನ ದಿನನಿತ್ಯದ ಬದುಕಿನ ಹಲವು ಫೋಟೊಗಳು ಅವರು ತೆಗೆದವು. ಅಂಥ ಚಿತ್ರ ಬಳಸಿದಾಗ ಅಡಿಯಲ್ಲಿ ಅವರ ಹೆಸರನ್ನು ತಪ್ಪದೆ ಹಾಕಿ.

1930ರ ದಶಕವನ್ನು ಮುಚ್ಚಿಡಬೇಡಿ

ಕಾಲೇಜು ಪ್ರದರ್ಶನಗಳಲ್ಲಿ ಕಲಾವಿದರನ್ನು ದೇವರ ಸ್ಥಾನದಲ್ಲಿ ಕೂರಿಸುವ ಅಭ್ಯಾಸ ನಮ್ಮಲ್ಲಿ ಬಲವಾಗಿದೆ. ಬೇಯರ್ ಅವರ ವಿಷಯದಲ್ಲಿ ಹಾಗೆ ಮಾಡಿದರೆ ಅದು ಅಪ್ರಾಮಾಣಿಕವಾಗುತ್ತದೆ. 1933ರಲ್ಲಿ ನಾಜಿ ಪಕ್ಷ ಅಧಿಕಾರಕ್ಕೆ ಬಂದು ಬೌಹೌಸ್ ಮುಚ್ಚಿತು. ಗ್ರೋಪಿಯಸ್ ಮೊದಲಾದ ಸಹೋದ್ಯೋಗಿಗಳು ಒಬ್ಬೊಬ್ಬರಾಗಿ ದೇಶ ಬಿಟ್ಟರು. ಬೇಯರ್ 1938ರವರೆಗೆ ಬರ್ಲಿನ್‌ನಲ್ಲೇ ಉಳಿದು, ಸರ್ಕಾರದ ಪ್ರಚಾರ ಪ್ರದರ್ಶನಗಳಿಗೆ ಪುಸ್ತಿಕೆಗಳನ್ನು ವಿನ್ಯಾಸ ಮಾಡಿಕೊಟ್ಟರು. 1936ರ ಬರ್ಲಿನ್ ಒಲಿಂಪಿಕ್ಸ್ ಸಮಯದ ‘ಜರ್ಮನಿ’ ಪ್ರದರ್ಶನದ ಪುಸ್ತಿಕೆ ಅವುಗಳಲ್ಲಿ ಒಂದು. ಅದರ ಒಂದು ಪುಟದಲ್ಲಿ ಜನಸಾಗರದ ಜೊತೆ ಹಿಟ್ಲರನ ಚಿತ್ರವಿದೆ. ಮರುವರ್ಷ, 1937ರಲ್ಲಿ, ಅದೇ ಸರ್ಕಾರ ಆಧುನಿಕ ಕಲೆಯನ್ನು ಅವಮಾನಿಸಲೆಂದು ಮ್ಯೂನಿಕ್‌ನಲ್ಲಿ ನಡೆಸಿದ ‘ಅಧಃಪತಿತ ಕಲೆ’ ಪ್ರದರ್ಶನದಲ್ಲಿ ಬೇಯರ್ ಅವರ ಚಿತ್ರವೂ ಸೇರಿತು. ಅವರ ಪತ್ನಿ ಯಹೂದಿ ಮನೆತನದವರು. ಈ ಮೂರು ಸಂಗತಿಗಳನ್ನೂ ಒಂದೇ ಫಲಕದಲ್ಲಿ, ಒಂದರ ಪಕ್ಕ ಒಂದು, ವಿಶೇಷಣಗಳಿಲ್ಲದೆ ಬರೆಯಿರಿ. ಸಮರ್ಥನೆಯೂ ಬೇಡ, ತೀರ್ಪೂ ಬೇಡ.

ಆ ಫಲಕದ ಎದುರು ಗೋಡೆಯಲ್ಲಿ 1942ರ ಕೆಲಸವನ್ನು ಇಡಿ ಎಂಬುದು ನನ್ನ ಬಲವಾದ ಸಲಹೆ. ಆ ವರ್ಷ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ಛಾಯಾಗ್ರಾಹಕ ಎಡ್ವರ್ಡ್ ಸ್ಟೈಕನ್ ಅವರೊಂದಿಗೆ ಸೇರಿ ಬೇಯರ್ ಅಮೆರಿಕದ ಯುದ್ಧಪ್ರಯತ್ನಕ್ಕೆ ಬೆಂಬಲವಾಗಿ ‘ವಿಜಯದ ಹಾದಿ’ ಎಂಬ ಪ್ರದರ್ಶನ ಕಟ್ಟಿದರು. ಗೋಡೆಯೆತ್ತರದ ಫೋಟೊಗಳು, ಅವುಗಳ ನಡುವೆ ಜನರನ್ನು ಒಂದೇ ದಿಕ್ಕಿಗೆ ಕರೆದೊಯ್ಯುವ ಇಳಿಜಾರು ದಾರಿ. ಜನರ ಗುಂಪು, ಬೃಹತ್ ಫೋಟೊ, ನಡೆಯುವವನ ಕಣ್ಣನ್ನು ಹಿಡಿದು ಮುನ್ನಡೆಸುವ ಚಾತುರ್ಯ: ಐದಾರು ವರ್ಷ ಹಿಂದೆ ಒಂದು ಸರ್ಕಾರಕ್ಕೆ ಸಂದ ಕೌಶಲವೇ ಈಗ ಅದರ ಶತ್ರುಪಕ್ಷಕ್ಕೆ ಸಂದಿತ್ತು. ನೋಡುವವರನ್ನು ಎಲ್ಲಿ ನಿಲ್ಲಿಸಬೇಕೆಂದು ಬಲ್ಲವನ ಕೈಯಲ್ಲಿ ಅಧಿಕಾರವೂ ಇರುತ್ತದೆ ಎಂಬುದನ್ನು ವಿದ್ಯಾರ್ಥಿಗಳು ಈ ಎರಡು ಗೋಡೆಗಳ ನಡುವೆ ನಿಂತು ಚರ್ಚಿಸಲಿ. ಜಾಹೀರಾತು, ಪತ್ರಿಕೋದ್ಯಮ ಓದುವವರಿಗೆ ಇಡೀ ಪ್ರದರ್ಶನದಲ್ಲಿ ಇದಕ್ಕಿಂತ ಉಪಯುಕ್ತವಾದ ಜಾಗ ಇನ್ನೊಂದಿಲ್ಲ.

ಕಣ್ಣಿನ ಕತೆ

ಪ್ರದರ್ಶನದ ನಡುಮಧ್ಯದಲ್ಲಿ ಇರಬೇಕಾದದ್ದು 1930ರ ಒಂದು ರೇಖಾಚಿತ್ರ. ಪ್ಯಾರಿಸ್‌ನಲ್ಲಿ ಜರ್ಮನ್ ವಿನ್ಯಾಸಕರ ಸಂಘ ಏರ್ಪಡಿಸಿದ ಪ್ರದರ್ಶನಕ್ಕೆ ಗ್ರೋಪಿಯಸ್ ಹಾಗೂ ಬೌಹೌಸ್‌ನ ಹಳೆಯ ಸಹೋದ್ಯೋಗಿಗಳಾದ ಮಾರ್ಸೆಲ್ ಬ್ರಾಯರ್, ಮೊಹೋಲಿ-ನಾಜ್ ಅವರ ಜೊತೆ ಕೆಲಸ ಮಾಡಿದ ಬೇಯರ್, ಮನುಷ್ಯನ ನೋಟದ ವ್ಯಾಪ್ತಿಯನ್ನು ಒಂದು ಚಿತ್ರವಾಗಿ ಬರೆದರು. ಅದರಲ್ಲಿ ನಿಂತಿರುವ ಮನುಷ್ಯನಿಗೆ ತಲೆಯ ಜಾಗದಲ್ಲಿ ಒಂದು ದೊಡ್ಡ ಕಣ್ಣು. ಅವನ ಸುತ್ತ ಫಲಕಗಳು ಗೋಡೆಗೆ ಅಂಟಿಕೊಂಡು ನೆಟ್ಟಗೆ ನಿಂತಿಲ್ಲ. ಮೇಲಿನವು ಕೆಳಕ್ಕೆ ಬಾಗಿವೆ, ಕೆಳಗಿನವು ಮೇಲಕ್ಕೆ ಓರೆಯಾಗಿವೆ, ಪ್ರತಿಯೊಂದೂ ಕಣ್ಣಿನತ್ತ ಮುಖ ಮಾಡಿದೆ. ಗೋಡೆಯ ಅನುಕೂಲಕ್ಕೆ ಫಲಕ ಹಾಕುವುದಲ್ಲ, ಕಣ್ಣಿನ ಅನುಕೂಲಕ್ಕೆ ಹಾಕುವುದು. ಕೆಲವು ವರ್ಷಗಳ ಬಳಿಕ ಇದನ್ನೇ ವಿಸ್ತರಿಸಿ ನೆಲ, ಚಾವಣಿ, ಬೆನ್ನ ಹಿಂದಿನ ಜಾಗವನ್ನೂ ಲೆಕ್ಕಕ್ಕೆ ತಂದುಕೊಂಡರು.

1938ರಲ್ಲಿ ಅಮೆರಿಕಕ್ಕೆ ಬಂದ ವರ್ಷವೇ ನ್ಯೂಯಾರ್ಕಿನಲ್ಲಿ ಬೌಹೌಸ್ ಕುರಿತ ಪ್ರದರ್ಶನವನ್ನು ಕಟ್ಟಿದಾಗ, ನೆಲದ ಮೇಲೆ ಹೆಜ್ಜೆಗುರುತುಗಳನ್ನೂ ಆಕೃತಿಗಳನ್ನೂ ಬಣ್ಣದಲ್ಲಿ ಬರೆದು ಜನರಿಗೆ ದಾರಿ ತೋರಿಸಿದರು. 1943ರಲ್ಲಿ ವಿಮಾನಯಾನದ ಭೂಗೋಳವನ್ನು ಕುರಿತ ಪ್ರದರ್ಶನಕ್ಕಾಗಿ ಅವರು ಮಾಡಿದ್ದು ಇನ್ನೂ ಅಚ್ಚರಿಯದು: ಜನ ಒಳಗೆ ಕಾಲಿಡಬಹುದಾದಷ್ಟು ದೊಡ್ಡ ಗೋಳ, ಅದರ ಒಳಮೈ ಮೇಲೆ ಭೂಪಟ. ಹೊರಗಿನಿಂದ ಗೋಳ ನೋಡುವವರಿಗೆ ಎಂದೂ ಅರ್ಧ ಭೂಮಿಯಷ್ಟೇ ಕಾಣುತ್ತದೆ, ಒಳಗೆ ನಿಂತವರಿಗೆ ಖಂಡಗಳೆಲ್ಲ ಸುತ್ತಲೂ ತೆರೆದುಕೊಳ್ಳುತ್ತವೆ.

1946ರಲ್ಲಿ ಅವರು ಕೊಲರಾಡೊ ರಾಜ್ಯದ ಆಸ್ಪೆನ್ ಎಂಬ ಬೆಟ್ಟದೂರಿಗೆ ಹೋಗಿ ನೆಲೆಸಿದರು. ಹಿಂದೊಮ್ಮೆ ಬೆಳ್ಳಿ ಗಣಿಗಳಿಂದ ಸಿರಿವಂತವಾಗಿ ಆಮೇಲೆ ಬರಿದಾಗಿದ್ದ ಆ ಊರನ್ನು ಉದ್ಯಮಿ ವಾಲ್ಟರ್ ಪೆಪ್ಕೆ ಸಂಸ್ಕೃತಿಯ ಕೇಂದ್ರವಾಗಿ ಬೆಳೆಸಲು ಹೊರಟಿದ್ದರು. ರಟ್ಟಿನ ಪೆಟ್ಟಿಗೆ ತಯಾರಿಸುವ ಪೆಪ್ಕೆ ಅವರ ಕಂಪನಿಗಾಗಿಯೇ ಬೇಯರ್ ವರ್ಷಗಟ್ಟಲೆ ಶ್ರಮಿಸಿ 1953ರಲ್ಲಿ ಜಗತ್ತಿನ ಭೂಪಟಗಳ ಒಂದು ಬೃಹತ್ ಪುಸ್ತಕ ತಂದರು. ದೇಶಗಳ ಗಡಿಗಳನ್ನು ತೋರಿಸಿ ಸುಮ್ಮನಾಗದೆ, ಮಣ್ಣು, ಮಳೆ, ಬೆಳೆ, ಖನಿಜ, ಜನಸಂಖ್ಯೆ ಎಲ್ಲವನ್ನೂ ಚಿತ್ರಸಂಕೇತಗಳಲ್ಲಿ ಓದಿಸುವ ಪುಸ್ತಕ ಅದು. ಆಸ್ಪೆನ್‌ನಲ್ಲಿ ಅವರು ವಿನ್ಯಾಸ ಮಾಡಿದ ಕಟ್ಟಡಗಳ ಪಕ್ಕದಲ್ಲೇ 1955ರಲ್ಲಿ ಹುಲ್ಲಿನ ದಿಬ್ಬವೊಂದನ್ನು ಮಾಡಿದರು: ಮಣ್ಣಿನ ವೃತ್ತಾಕಾರದ ಏರಿ, ಒಳಗೆ ಹೋಗಲು ಒಂದು ತೆರಪು, ನಡುವೆ ಒಂದು ಗುಡ್ಡೆ, ಒಂದು ಗುಳಿ, ಒಂದು ಕಲ್ಲು. ಭೂಮಿಯನ್ನೇ ಮಾಧ್ಯಮವಾಗಿ ಬಳಸುವ ಕಲೆ ಅಮೆರಿಕದಲ್ಲಿ ದೊಡ್ಡ ಚಳವಳಿಯಾಗುವುದಕ್ಕೆ ಹತ್ತು ವರ್ಷಕ್ಕಿಂತ ಮೊದಲೇ ಆದ ಕೆಲಸ ಇದು. ಅದರ ಫಲವಾಗಿ ಬಂದದ್ದು ಸಿಯಾಟಲ್ ಬಳಿಯ ಕೆಂಟ್ ನಗರದ ಮಿಲ್ ಕ್ರೀಕ್ ಕಣಿವೆಯ ಉದ್ಯಾನ, 1982ರಲ್ಲಿ ಪೂರ್ಣಗೊಂಡದ್ದು. ಸುರಿದ ಮಳೆ ಊರಿಗೆ ನುಗ್ಗದಂತೆ ತಡೆದು ನಿಲ್ಲಿಸುವ ಒಡ್ಡೇ ಅಲ್ಲಿ ಶಿಲ್ಪ. ಮಳೆ ಬಂದಾಗ ವೃತ್ತಗಳ ನಡುವೆ ನೀರು ನಿಲ್ಲುತ್ತದೆ, ಬಿಸಿಲಿನ ದಿನಗಳಲ್ಲಿ ಜನ ಹುಲ್ಲಿನ ಮೇಲೆ ಓಡಾಡುತ್ತಾರೆ.

ಫಲಕ ಬರೆಯುವ ಮೊದಲು ಊರಲ್ಲಿ ಓಡಾಡಿ

ಇಷ್ಟನ್ನು ಕಂಪ್ಯೂಟರಿನ ಮುಂದೆ ಕುಳಿತು ಓದಿದರೆ ಸಾಲದು. ತಂಡದವರೆಲ್ಲ ಒಟ್ಟಾಗಿ ಮೈಸೂರಿನ ಕೆಲವು ಜಾಗಗಳಿಗೆ ಹೋಗಿ ಬನ್ನಿ. ಜಗನ್ಮೋಹನ ಅರಮನೆಯ ಕಲಾ ಗ್ಯಾಲರಿಯ ‘ದೀಪ ಹಿಡಿದ ಮಹಿಳೆ’ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಎಸ್.ಎಲ್. ಹಳದಣಕರ್ ಅವರ ಆ ಜಲವರ್ಣವನ್ನು ರವಿವರ್ಮನದೆಂದು ತಿಳಿದವರು ಇಂದಿಗೂ ಬಹಳ ಮಂದಿ ಇದ್ದಾರೆ. ಅದನ್ನು ಕತ್ತಲು ಮಾಡಿದ ಜಾಗದಲ್ಲಿ ತೋರಿಸುವ ಪದ್ಧತಿ ಬೆಳೆದುಬಂದದ್ದು ಕಾರಣವಿಲ್ಲದೆ ಅಲ್ಲ: ಸುತ್ತ ಬೆಳಕು ಕಡಿಮೆಯಾದಷ್ಟೂ ಮುಖದ ಮೇಲೆ ಬಿದ್ದ ದೀಪದ ಕಾಂತಿ ನಿಜವೆಂಬಂತೆ ಬೆಳಗುತ್ತದೆ. ಚಿತ್ರ ಬರೆದವರ ಕೆಲಸ ಎಲ್ಲಿಗೆ ಮುಗಿಯಿತು, ಅದನ್ನು ಇಟ್ಟವರ ಕೆಲಸ ಎಲ್ಲಿಂದ ಶುರುವಾಯಿತು ಎಂದು ಅಲ್ಲಿ ನಿಂತೇ ಮಾತಾಡಿ. ಬೇಯರ್ ಅವರ 1930ರ ರೇಖಾಚಿತ್ರ ಆಮೇಲೆ ಬೇಗ ಅರ್ಥವಾಗುತ್ತದೆ.

ದಸರಾ ಸಮಯವಾದರೆ ದೊಡ್ಡಕೆರೆ ಮೈದಾನದ ವಸ್ತುಪ್ರದರ್ಶನಕ್ಕೆ ಹೋಗಿ, ಇಲಾಖೆಗಳ ಮಳಿಗೆಗಳಲ್ಲಿ ಜನ ಎಲ್ಲಿ ನಿಲ್ಲುತ್ತಾರೆ, ಯಾವುದನ್ನು ನೋಡದೆ ದಾಟಿಹೋಗುತ್ತಾರೆ ಎಂದು ಗುರುತು ಹಾಕಿಕೊಳ್ಳಿ. ಅಂಕಿಅಂಶ ತುಂಬಿದ ಬೋರ್ಡಿನ ಮುಂದೆ ಯಾರೂ ನಿಲ್ಲುವುದಿಲ್ಲ. ನೀರು ಹರಿಯುವ ಮಾದರಿ ಇದ್ದಲ್ಲಿ ಮಕ್ಕಳು ಅಪ್ಪ ಅಮ್ಮನ ಕೈಹಿಡಿದು ಎಳೆಯುತ್ತಾರೆ.

ಮೂರನೆಯದಾಗಿ ಕುಕ್ಕರಹಳ್ಳಿ ಕೆರೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1864ರಲ್ಲಿ, ಕಟ್ಟಿಸಿದ ಆ ಕೆರೆಯ ಏರಿ ಮೇಲೆ ನಡೆಯುತ್ತ ಒಂದು ಬದಿಯ ನೀರನ್ನೂ ಇನ್ನೊಂದು ಬದಿಯ ತಗ್ಗನ್ನೂ ನೋಡಿ. ಮಂಡ್ಯದವರಿಗೆ ತೊಣ್ಣೂರು ಕೆರೆಯೇ ಹತ್ತಿರ. ಏರಿ, ತೂಬು, ಕೋಡಿ ಇವು ನೀರನ್ನು ಹಿಡಿಯುವುದಕ್ಕೂ ಬಿಡುವುದಕ್ಕೂ ಇರುವ ಸಾಧನಗಳು. ಅವುಗಳ ಮೇಲೆ ನಡೆಯುವ ನಮಗೆ ಅವು ನೋಟವನ್ನೂ ರೂಪಿಸಿಕೊಡುತ್ತವೆ. ಮಿಲ್ ಕ್ರೀಕ್ ಬಗ್ಗೆ ಫಲಕ ಬರೆಯುವವರು ಈ ಮಾತುಗಳನ್ನೇ ಬಳಸಲಿ. ಅಮೆರಿಕದ ಕೃತಿಯೊಂದನ್ನು ವಿವರಿಸಲು ಮಂಡ್ಯ ಸೀಮೆಯ ರೈತರ ಮಾತಿಗಿಂತ ಖಚಿತವಾದ ಕನ್ನಡ ಬೇರೆ ಸಿಗಲಾರದು.

ಅಕ್ಷರಗಳ ವಿಷಯ

1925ರಲ್ಲಿ ಬೇಯರ್ ರೂಪಿಸಿದ ಸಾರ್ವತ್ರಿಕ ಅಕ್ಷರಮಾಲೆಯನ್ನು ಬಿಟ್ಟು ಅವರ ಬಗ್ಗೆ ಪ್ರದರ್ಶನ ಮಾಡಲಾಗದು. ವೃತ್ತ, ಕಮಾನು, ನೇರ ಗೆರೆ ಇಷ್ಟರಿಂದಲೇ ಕಟ್ಟಿದ ಆ ಅಕ್ಷರಗಳಲ್ಲಿ ದೊಡ್ಡಕ್ಷರಗಳೇ ಇಲ್ಲ. ಜರ್ಮನ್ ಬರವಣಿಗೆಯಲ್ಲಿ ನಾಮಪದಗಳೆಲ್ಲ ದೊಡ್ಡಕ್ಷರದಿಂದ ಶುರುವಾಗಬೇಕೆಂಬ ನಿಯಮವಿರುವುದರಿಂದ ಅದು ಅಲ್ಲಿ ದಂಗೆಯೆದ್ದಂತೆಯೇ ಆಗಿತ್ತು. ಒಂದೇ ಧ್ವನಿಗೆ ಎರಡು ಗುರುತು ಏಕೆ ಎಂಬುದು ಅವರ ವಾದ. ಆಡುವಾಗ ಯಾರೂ ದೊಡ್ಡಕ್ಷರ ಉಚ್ಚರಿಸುವುದಿಲ್ಲವಲ್ಲ. ಬೌಹೌಸ್‌ನ ಕಾಗದಪತ್ರಗಳು ಆ ವರ್ಷದಿಂದ ಚಿಕ್ಕಕ್ಷರಗಳಲ್ಲೇ ಅಚ್ಚಾಗತೊಡಗಿದವು. ಕನ್ನಡಕ್ಕೆ ಆ ಸಮಸ್ಯೆ ಇಲ್ಲವಾದ್ದರಿಂದ ಈ ಫಲಕದಲ್ಲಿ ಹಿನ್ನೆಲೆಯನ್ನು ಬಿಡಿಸಿ ಹೇಳಬೇಕು, ಇಲ್ಲವಾದರೆ ನಮ್ಮವರಿಗೆ ಅದರ ದಿಟ್ಟತನ ತಿಳಿಯುವುದಿಲ್ಲ.

ನಮ್ಮ ಲಿಪಿಯ ಕಷ್ಟ ಬೇರೆಯದು, ಅದು ಮೇಲಕ್ಕೂ ಕೆಳಕ್ಕೂ ಬೆಳೆಯುತ್ತದೆ. ‘ರಾಷ್ಟ್ರೀಯ’ ಎಂದು ಒಂದು ಸಾಲಿನಲ್ಲಿ ಬರೆದು, ಕೆಳಗಿನ ಸಾಲಿನಲ್ಲಿ ಅದರ ನೇರಕ್ಕೆ ‘ಕೀರ್ತಿ’ ಬಂದರೆ, ಮೇಲಿನ ಒತ್ತಕ್ಷರಗಳು ಕೆಳಗಿನ ಗುಡಿಸಿಗೆ ತಾಗಿ ಎರಡೂ ಕೆಡುತ್ತವೆ. ಆದ್ದರಿಂದ ಸಾಲುಗಳ ನಡುವಿನ ಅಂತರವನ್ನು ಅಕ್ಷರದ ಅಳತೆಯ ಒಂದೂವರೆ ಪಟ್ಟಿಗಿಂತ ಕಡಿಮೆ ಇಡಬೇಡಿ. ಫಲಕದ ಮೈಬರಹಕ್ಕೆ 28 ಪಾಯಿಂಟ್, ಶೀರ್ಷಿಕೆಗೆ ಅದರ ಮೂರು ಪಟ್ಟು, ಒಂದು ಫಲಕಕ್ಕೆ ಸುಮಾರು 80 ಪದ. ನಿಂತು ಓದುವವರ ತಾಳ್ಮೆ ಇದಕ್ಕಿಂತ ಹೆಚ್ಚಿಗೆ ಸಿಗುವುದಿಲ್ಲ. ಅಕ್ಷರಶೈಲಿ ಒಂದೇ ಇರಲಿ. ಡಿಟಿಪಿಯವರು ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಿಂದ ಯೂನಿಕೋಡ್‌ಗೆ ಬದಲಾಯಿಸಿಕೊಟ್ಟ ಪಠ್ಯವನ್ನು ಮುದ್ರಣಕ್ಕೆ ಮುಂಚೆ ಒಂದೊಂದಕ್ಷರವಾಗಿ ಓದಿ, ಏಕೆಂದರೆ ಅರ್ಕಾವತ್ತು ಜಾಗ ತಪ್ಪಿ ‘ಕರ್ನಾಟಕ’ವು ‘ಕನಾರ್ಟಕ’ ಆಗುವುದು ಇಲ್ಲಿಯೇ. ‘ಹರ್ಬರ್ಟ್’ ಎಂಬ ಹೆಸರಿನಲ್ಲಿ ಆ ಅಪಾಯ ಎರಡು ಕಡೆ ಇದೆ, ಅದೂ ಪ್ರತಿ ಫಲಕದಲ್ಲಿ.

ಚಿತ್ರಗಳು ಮತ್ತು ಹಕ್ಕು

ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಕಲಾಕೃತಿಗಳ ಹಕ್ಕು ಕಲಾವಿದರ ಮರಣಾನಂತರ 60 ವರ್ಷ ಇರುತ್ತದೆ. ಬೇಯರ್ ತೀರಿಕೊಂಡದ್ದು 1985ರಲ್ಲಿ, ಹಾಗಾಗಿ 2045ರ ಕೊನೆಯವರೆಗೆ ಅವರ ಕೃತಿಗಳು ಹಕ್ಕಿನ ವ್ಯಾಪ್ತಿಯಲ್ಲಿವೆ. ಅಧ್ಯಯನ, ವಿಮರ್ಶೆ, ಬೋಧನೆಗಳಿಗೆ ಕಾಯ್ದೆಯೇ ಕೆಲವು ವಿನಾಯಿತಿಗಳನ್ನು ಕೊಟ್ಟಿದೆ. ತರಗತಿಯ ಭಾಗವಾಗಿ, ಟಿಕೆಟ್ ಇಲ್ಲದೆ, ವಿವರಣೆಯ ಜೊತೆಗೆ ಇಡುವ ಪ್ರತಿಗಳಿಗೂ ಮಾರಾಟಕ್ಕೆ ಅಚ್ಚು ಹಾಕಿಸುವ ಪೋಸ್ಟರ್, ಟೀ ಶರ್ಟುಗಳಿಗೂ ಬಹಳ ವ್ಯತ್ಯಾಸವಿದೆ. ಎರಡನೆಯದನ್ನು ಮಾಡಲೇಬೇಡಿ. ಸಾರ್ವಜನಿಕರಿಗೂ ತೆರೆಯುವುದಾದರೆ ಚಿತ್ರ ಹೊಂದಿರುವ ಸಂಗ್ರಹಾಲಯಕ್ಕೆ ಮುಂಚಿತವಾಗಿ ಬರೆದು ಅನುಮತಿ ಕೇಳಿ. ಕೆಲವು ಸಂಸ್ಥೆಗಳು ಶಿಕ್ಷಣದ ಉದ್ದೇಶಕ್ಕೆ ದೊಡ್ಡ ಅಳತೆಯ ಕಡತವನ್ನೇ ಕೊಡುತ್ತವೆ. ಅನುಮತಿ ಸಿಗದ ಕಡೆ ವಿದ್ಯಾರ್ಥಿಗಳು ಕೃತಿಯ ರಚನೆಯನ್ನು ತಾವೇ ರೇಖೆಗಳಲ್ಲಿ ಬಿಡಿಸಿ ವಿವರಿಸಲಿ. ನನ್ನ ಮಟ್ಟಿಗೆ, ಕಲಿಕೆಯ ದೃಷ್ಟಿಯಿಂದ ಅದೇ ಹೆಚ್ಚು ಒಳ್ಳೆಯದು.

ಹಾಲ್ ಸಿದ್ಧಪಡಿಸುವುದು

ಫ್ಲೆಕ್ಸ್ ಬೇಡ. ಅದರ ಹೊಳಪಿನಲ್ಲಿ ದೀಪ ಪ್ರತಿಫಲಿಸಿ ಓದಲಾಗುವುದಿಲ್ಲ, ಬಳಸಿದ ಮೇಲೆ ಎಲ್ಲಿ ಬಿಸಾಡುವುದೆಂಬ ಚಿಂತೆ ಬೇರೆ. ದಪ್ಪ ಕಾಗದದಲ್ಲಿ ಮುದ್ರಿಸಿ ರಟ್ಟಿಗೆ ಅಂಟಿಸಿದ ಫಲಕ ಕಣ್ಣಿಗೂ ಹಿತ, ಖರ್ಚೂ ಕಡಿಮೆ. ಹಿನ್ನೆಲೆಗೆ ಬಿಳಿಯದೇ ಆಗಬೇಕಿಲ್ಲ, ಕೋರಾ ಬಟ್ಟೆ ಸಾಕು.

ಫಲಕದ ನಡುಭಾಗ ನೆಲದಿಂದ ಸುಮಾರು 145 ಸೆಂಟಿಮೀಟರ್ ಎತ್ತರದಲ್ಲಿರಲಿ. ಶಾಲಾ ಮಕ್ಕಳು ಬರುವುದಾದರೆ 125ಕ್ಕೆ ಇಳಿಸಿ. ದೊಡ್ಡವರು ತುಸು ಬಾಗಿ ಓದಬಲ್ಲರು, ಮಕ್ಕಳು ಎತ್ತರವಾಗಲಾರರು. ಒಂದೆರಡು ಫಲಕಗಳನ್ನಾದರೂ ಬೇಯರ್ ಅವರ ರೇಖಾಚಿತ್ರದ ಪ್ರಕಾರವೇ ತೂಗುಹಾಕಿ ನೋಡಿ. ಮೊಣಕಾಲೆತ್ತರದ ಬೆಂಚಿನ ಮೇಲೆ ಒಂದನ್ನು ಮೇಲ್ಮುಖವಾಗಿ ಓರೆಯಿಡಿ, ಇನ್ನೊಂದನ್ನು ತೊಲೆಯಿಂದ ಎರಡು ಹಗ್ಗದಲ್ಲಿ ಇಳಿಬಿಟ್ಟು ಕೆಳಕ್ಕೆ ಬಾಗಿಸಿ. ಮೇಲಿನ ಹಗ್ಗಕ್ಕಿಂತ ಕೆಳಗಿನ ಹಗ್ಗವನ್ನು ಎಷ್ಟು ಎಳೆದು ಕಟ್ಟಬೇಕೆಂಬುದು ಲೆಕ್ಕದಿಂದ ತಿಳಿಯುವುದಿಲ್ಲ. ಒಬ್ಬರು ನೋಡುವ ಜಾಗದಲ್ಲಿ ನಿಂತು ಹೇಳುತ್ತಿರಬೇಕು, ಇನ್ನೊಬ್ಬರು ಹಗ್ಗ ಸರಿಪಡಿಸುತ್ತಿರಬೇಕು. ಟ್ಯೂಬ್‌ಲೈಟಿನ ನೇರ ಕೆಳಗೆ ಓರೆ ಫಲಕ ಬಂದರೆ ಬೆಳಕು ಕಣ್ಣಿಗೆ ಹೊಡೆಯುತ್ತದೆ, ಅದನ್ನೂ ಸಂಜೆ ಹೊತ್ತಿನಲ್ಲಿ ಪರೀಕ್ಷಿಸಿ.

ನಡೆಯುವ ದಾರಿಗೆ ಸುಣ್ಣದ ನೀರಿನಲ್ಲಿ ಹೆಜ್ಜೆಗಳನ್ನು ಬರೆಯಿರಿ. ಗೋಕುಲಾಷ್ಟಮಿಯ ದಿನ ಹೊಸ್ತಿಲಿನಿಂದ ದೇವರ ಮನೆಯವರೆಗೆ ಕೃಷ್ಣನ ಪುಟ್ಟ ಹೆಜ್ಜೆ ಬಿಡಿಸುವ ನಮ್ಮ ಮನೆಗಳಲ್ಲಿ ಬೆಳೆದವರಿಗೆ, ನೆಲದ ಗುರುತು ಹಿಡಿದು ಹೋಗಬೇಕೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಹೆಜ್ಜೆಗಳನ್ನು ಎಲ್ಲ ಕಡೆಯೂ ಬರೆಯಬೇಡಿ, ದಾರಿ ಕವಲೊಡೆಯುವ ಕಡೆ ಮಾತ್ರ ಸಾಕು. 1936 ಮತ್ತು 1942ರ ಎರಡು ಗೋಡೆಗಳ ನಡುವೆ ಹೆಜ್ಜೆಗಳನ್ನು ಬೇಕೆಂದೇ ನಿಲ್ಲಿಸಿಬಿಡಿ, ಅಲ್ಲಿ ಜನ ತಾವಾಗಿ ಆಚೀಚೆ ತಿರುಗಿ ನೋಡಲಿ.

ಉದ್ಘಾಟನೆಯ ಹಿಂದಿನ ದಿನ ವಿಷಯವೇ ಗೊತ್ತಿಲ್ಲದ ಯಾರನ್ನಾದರೂ, ಕಾಲೇಜಿನ ಕ್ಯಾಂಟೀನಿನವರನ್ನೋ ಕಚೇರಿಯ ಸಿಬ್ಬಂದಿಯನ್ನೋ, ವಿನಯದಿಂದ ಕರೆದು ಒಂದು ಸುತ್ತು ನೋಡಲು ಹೇಳಿ. ಅವರ ಪಕ್ಕದಲ್ಲಿ ನಿಂತು ವಿವರಿಸಬೇಡಿ. ದೂರದಿಂದ ಗಮನಿಸಿ, ಅವರು ಎಲ್ಲಿ ನಿಂತರು, ಎಲ್ಲಿ ಹಿಂದಕ್ಕೆ ಬಂದು ಮತ್ತೆ ಓದಿದರು, ಯಾವ ಫಲಕವನ್ನು ದಾಟಿಹೋದರು ಎಂದು ಹಾಲ್‌ನ ನಕ್ಷೆಯ ಮೇಲೆ ಪೆನ್ಸಿಲಿನಲ್ಲಿ ಗೆರೆ ಎಳೆಯಿರಿ. ದಾಟಿಹೋದ ಫಲಕವನ್ನು ರಾತ್ರಿಯೇ ತೆಗೆದು ಚಿಕ್ಕದಾಗಿಸಿ ಬರೆಯಿರಿ, ಇಲ್ಲವೇ ಪೂರ್ತಿ ಬಿಟ್ಟುಬಿಡಿ.

ಪ್ರದರ್ಶನ ಮುಗಿದ ಮೇಲೆ ಪ್ರತಿ ಫಲಕದ ಬೆನ್ನಿಗೆ ಅದರ ಕ್ರಮಸಂಖ್ಯೆ, ಅದರಲ್ಲಿರುವ ವರ್ಷ ಮತ್ತು ಹೆಸರುಗಳನ್ನು ಎಲ್ಲಿ ಪರಿಶೀಲಿಸಿದಿರಿ, ಯಾರು ಪರಿಶೀಲಿಸಿದರು ಎಂಬುದನ್ನು ಬರೆದು, ಹಾಲ್‌ನ ನಕ್ಷೆಯ ಜೊತೆ ಒಂದೇ ಕಟ್ಟಾಗಿ ಕಟ್ಟಿಡಿ. ಮೈಸೂರಿನಲ್ಲಿ ಇಟ್ಟ ಈ ಪ್ರದರ್ಶನವನ್ನು ಮುಂದಿನ ವಾರ ಮಂಡ್ಯದಲ್ಲೋ ಶ್ರೀರಂಗಪಟ್ಟಣದಲ್ಲೋ ಇಡುವವರಿಗೆ ನಕ್ಷೆ ಇಲ್ಲದ ಫಲಕಗಳಿಂದ ಉಪಯೋಗವಿಲ್ಲ, ಏಕೆಂದರೆ ಅಲ್ಲಿನ ಹಾಲ್ ಬೇರೆ ಅಳತೆಯದಾಗಿರುತ್ತದೆ. ಯಾವ ಫಲಕದ ಎದುರು ಯಾವುದು ಬರಬೇಕೆಂಬ ಸಂಬಂಧ ತಿಳಿದಿದ್ದರೆ ಮಾತ್ರ ಅವರು ಅದನ್ನು ತಮ್ಮ ಗೋಡೆಗಳಿಗೆ ಹೊಂದಿಸಿಕೊಳ್ಳಬಲ್ಲರು.